ಬಂದರಿಗೆ ಇನ್ನೊಂದು ಟಗ್ ಬೇಕಾ? ಟನ್ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡೀರಿ

ಮಂಗಳೂರಿನ ಪಣಂಬೂರು ಬೀಚಲ್ಲಿ ಸಂಜೆ ಹೋಗಿ ಕೂತವರು ನೋಡಿರ್ತೀರಿ, ಬ್ರೇಕ್‌ವಾಟರ್ ಕಲ್ಲಿನ ಆಚೆ ಇನ್ನೂರು ಮೀಟರ್ ಉದ್ದದ ಹಡಗು ಮೆಲ್ಲ ಮೆಲ್ಲ ಒಳಗೆ ಬರ್ತಾ ಇರುತ್ತೆ, ಅದರ ಮೂತಿಗೊಂದು ಬಾಲಕ್ಕೊಂದು ಗಿಡ್ಡ ದಪ್ಪ ಬೋಟು ಅಂಟಿಕೊಂಡಿರುತ್ತೆ. ಅದೇ ಟಗ್. ಹಡಗಿಗೆ ಬ್ರೇಕ್ ಅಂತ ಒಂದಿಲ್ಲ ಮಾರಾಯ್ರೇ, ವೇಗ ಕಮ್ಮಿ ಆದ ಹಾಗೆ ಚುಕ್ಕಾಣಿಯೂ ಮಾತು ಕೇಳಲ್ಲ, ಹಾಗಾಗಿ ಕೊನೆಯ ಒಂದು ಕಿಲೋಮೀಟರ್ ಅದನ್ನ ನಿಲ್ಲಿಸೋದು ತಿರುಗಿಸೋದು ದಕ್ಕೆಗೆ ಒತ್ತಿ ಹಿಡಿಯೋದು ಎಲ್ಲ ಈ ಗಿಡ್ಡ ಬೋಟಿನ ಕೆಲಸ.

ನಾನು ಕೆಲವು ವರ್ಷ ಹಡಗು ಒಳಗೆ ಹೊರಗೆ ಮಾಡಿಸೋ ಕಡೆ ಕೆಲಸ ಮಾಡಿದವನು. ಯಾವ ಬಂದರಾದ್ರೂ ಸರಿ, ಸರಕು ಜಾಸ್ತಿ ಆದ ವರ್ಷ ಮೀಟಿಂಗಲ್ಲಿ ಒಂದೇ ಮಾತು, "ಟ್ರಾಫಿಕ್ ಇಷ್ಟು ಪರ್ಸೆಂಟ್ ಏರಿದೆ, ಟಗ್ ಕೂಡ ಅಷ್ಟು ಏರಿಸೋಣ". ಈ ಲೆಕ್ಕ ತಪ್ಪು. ಎಷ್ಟು ತಪ್ಪು ಅಂದ್ರೆ ಕೆಲವು ಸಲ ಕೋಟಿಗಟ್ಟಲೆ ಖರ್ಚು ಮಾಡಿ ಟಗ್ ತಂದ್ಮೇಲೂ ಹಡಗು ಹೊರಗೆ ಆಂಕರ್ ಹಾಕಿ ಕಾಯೋದು ತಪ್ಪಲ್ಲ. ಸರಿಯಾಗಿ ಹೇಗೆ ಲೆಕ್ಕ ಹಾಕ್ಬೇಕು ಅಂತ ಬರೀತೀನಿ, ಉದಾಹರಣೆಗೆ ನಮ್ಮ ನವ ಮಂಗಳೂರು ಬಂದರನ್ನೇ ಇಟ್ಕೊಳ್ತೀನಿ, ಯಾಕಂದ್ರೆ ಟಗ್ ಪ್ಲಾನಿಂಗ್ ಕಲೀಲಿಕ್ಕೆ ಇಷ್ಟು ಬಗೆಬಗೆಯ ತಲೆನೋವು ಒಂದೇ ಕಡೆ ಸಿಗೋ ಜಾಗ ಕಮ್ಮಿ. ಆದ್ರೆ ಗಮನಿಸಿ, ಮುಂದೆ ಬರೋ ದಿನದ ಹಡಗಿನ ಸಂಖ್ಯೆ, ಟಗ್ ಸಂಖ್ಯೆ ಎಲ್ಲ ನಾನು ಲೆಕ್ಕಕ್ಕೆ ಇಟ್ಕೊಂಡ ಅಂಕಿ, ಬಂದರಿನ ಪುಸ್ತಕದ್ದಲ್ಲ.

ಮೊದಲು ಬಂದರಿನ ಜಾತಕ

ಟಗ್ ಬಗ್ಗೆ ಯೋಚಿಸೋ ಮುಂಚೆ ನಿಮ್ಮ ಬಂದರಿಗೆ ಯಾವ ಥರದ ಹಡಗು ಬರುತ್ತೆ ಅಂತ ಒಂದು ಹಾಳೆಯಲ್ಲಿ ಬರ್ಕೊಳ್ಳಿ. ಪಣಂಬೂರಿನದ್ದು ನದಿ ಬಾಯಿಯ ಬಂದರಲ್ಲ, ತೀರದಲ್ಲಿ ಅಗೆದು ಮಾಡಿದ ಲಗೂನ್, 1974ರಲ್ಲಿ ದೇಶದ ಒಂಬತ್ತನೇ ದೊಡ್ಡ ಬಂದರು ಅಂತ ಘೋಷಣೆ ಆದದ್ದು. ಸಮುದ್ರದಿಂದ ಒಳಗೆ ಬರಲಿಕ್ಕೆ ಸುಮಾರು ಏಳೂವರೆ ಕಿಲೋಮೀಟರ್ ಚಾನೆಲ್, ಆಮೇಲೆ ಎರಡು ಬ್ರೇಕ್‌ವಾಟರ್ ನಡುವೆ ನುಗ್ಗಿ ಒಳಗಿನ ಬೇಸಿನ್‌ನಲ್ಲಿ ತಿರುಗಬೇಕು. 2023-24ರಲ್ಲಿ ಇಲ್ಲಿ ಒಟ್ಟು ಸರಕು 4.5 ಕೋಟಿ ಟನ್ ದಾಟಿತ್ತು. ಅದರಲ್ಲಿ ಎಂಆರ್‌ಪಿಎಲ್‌ ರಿಫೈನರಿಯ ಕಚ್ಚಾ ತೈಲ ಮತ್ತು ಅದರ ಉತ್ಪನ್ನ ಉಂಟು, ಎಲ್‌ಪಿಜಿ ಉಂಟು, ಕಲ್ಲಿದ್ದಲು ಉಂಟು, ಗೊಬ್ಬರ, ಅಡುಗೆ ಎಣ್ಣೆ, ಕಬ್ಬಿಣದ ಪೆಲೆಟ್, ಕಂಟೇನರಲ್ಲಿ ಕೊಡಗು ಚಿಕ್ಕಮಗಳೂರಿನ ಕಾಫಿ, ಇದರ ನಡುವೆ ಮಳೆಗಾಲ ಮುಗಿದ ಮೇಲೆ ಟೂರಿಸ್ಟ್ ತುಂಬಿದ ಕ್ರೂಸ್ ಹಡಗು.

ಇಷ್ಟೂ ಒಂದೇ ಥರ ಟಗ್ ಕೇಳಲ್ಲ. ಲೋಡ್ ತುಂಬಿದ ಕಲ್ಲಿದ್ದಲಿನ ಹಡಗು ನೀರಲ್ಲಿ ಆಳಕ್ಕೆ ಕೂತಿರುತ್ತೆ, ಭಾರ ಜಾಸ್ತಿ, ಗಾಳಿಗೆ ಅಷ್ಟೊಂದು ಜಗ್ಗಲ್ಲ ಆದ್ರೆ ಒಮ್ಮೆ ಚಲಿಸಿದ್ರೆ ನಿಲ್ಲಿಸೋದು ಕಷ್ಟ. ಅದೇ ಹಡಗು ಖಾಲಿಯಾಗಿ ಹೊರಡುವಾಗ ಗೋಡೆ ಎದ್ದು ನಿಂತ ಹಾಗೆ, ಗಾಳಿ ಹೊಡೆದ ಕಡೆಗೆ ಜಾರುತ್ತೆ. ಕಂಟೇನರ್ ಹಡಗು ಕ್ರೂಸ್ ಹಡಗು ಯಾವಾಗಲೂ ಗೋಡೆಯೇ. ಎಲ್‌ಪಿಜಿ ಹಡಗಿಗೆ ಎಳೆಯೋದರ ಜೊತೆ ಬೆಂಕಿ ಆರಿಸೋ ವ್ಯವಸ್ಥೆಯೂ ಇರೋ ಟಗ್ ಪಕ್ಕದಲ್ಲಿರಬೇಕು. ಅದರ ಕ್ಲಾಸ್ (ಹಡಗಿಗೆ ದರ್ಜೆ ಕೊಡೋ ತಪಾಸಣಾ ಸಂಸ್ಥೆ) ಗುರುತು ಫೈಫೈ 1 ಅಂತ, ಗಂಟೆಗೆ ತಲಾ 1,200 ಘನ ಮೀಟರ್ ನೀರು ಚಿಮ್ಮೋ ಎರಡು ಮಾನಿಟರ್ (ನೀರಿನ ಫಿರಂಗಿ) ಕೇಳುತ್ತೆ. ಹಾಗಾಗಿ "ನಮ್ಮಲ್ಲಿ ನಾಲ್ಕು ಟಗ್ ಉಂಟು" ಅಂತ ಯಾರಾದ್ರೂ ಹೇಳಿದ್ರೆ ಮರು ಪ್ರಶ್ನೆ ಕೇಳಿ, ಫೈಫೈ ಇರೋದು ಎಷ್ಟು? ಎರಡೇ ಆದ್ರೆ ಗ್ಯಾಸ್ ಹಡಗಿನ ದಿನ ನಿಮ್ಮಲ್ಲಿರೋದು ಎರಡೇ.

ಲಾಗ್ ಬುಕ್ ತೆಗೀರಿ, ಎಕ್ಸೆಲ್ ಆಮೇಲೆ

ಇದು ಇಡೀ ಕೆಲಸದಲ್ಲಿ ಅತ್ಯಂತ ಬೋರಿಂಗ್ ಭಾಗ, ಮತ್ತೆ ಎಲ್ಲರೂ ಹಾರಿಸೋದೂ ಇದನ್ನೇ. ಕಡೇ ಪಕ್ಷ ಹನ್ನೆರಡು ತಿಂಗಳ ಟಗ್ ಲಾಗ್ ಬೇಕು, ಆರು ತಿಂಗಳು ಸಾಕಾಗಲ್ಲ, ಯಾಕಂದ್ರೆ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಬೇರೆ ಊರು, ಉಳಿದ ಎಂಟು ತಿಂಗಳು ಬೇರೆ ಊರು.

ಸಾಮಾನ್ಯವಾಗಿ ಲಾಗಲ್ಲಿ ಎರಡೇ ಟೈಮ್ ಇರುತ್ತೆ, ಹಡಗಿಗೆ ಹಗ್ಗ ಕಟ್ಟಿದ್ದು ಯಾವಾಗ, ಬಿಟ್ಟದ್ದು ಯಾವಾಗ. ಇದನ್ನ ಮಾತ್ರ ಕೂಡಿಸಿದ್ರೆ ಟಗ್ ಒಂದು ಕೆಲಸಕ್ಕೆ ಮುಕ್ಕಾಲು ಗಂಟೆ ತಗೊಳ್ಳುತ್ತೆ ಅನ್ನೋ ಹಾಗೆ ಕಾಣುತ್ತೆ. ನಿಜಕ್ಕೂ ಇಂಜಿನ್ ಸ್ಟಾರ್ಟ್ ಮಾಡಿ ಜೆಟ್ಟಿ ಬಿಟ್ಟು ಹಡಗು ಸಿಗೋ ಜಾಗಕ್ಕೆ ಹೋಗಿ ಕಾದು, ಕೆಲಸ ಮುಗಿಸಿ, ವಾಪಸ್ ಬರೋದೂ ಸೇರಬೇಕು. ಏಳೂವರೆ ಕಿಲೋಮೀಟರ್ ಚಾನೆಲನ್ನ ಹಡಗು ಆರು ನಾಟ್ (ಗಂಟೆಗೆ ಸುಮಾರು ಹನ್ನೊಂದು ಕಿಲೋಮೀಟರ್) ವೇಗದಲ್ಲಿ ಬಂದ್ರೆ ಅದಕ್ಕೇ ನಲವತ್ತು ನಿಮಿಷ, ಟಗ್ ಅದನ್ನ ಚಾನೆಲಿನ ಬಾಯಲ್ಲೇ ಹಿಡಿಯುತ್ತಾ ಬ್ರೇಕ್‌ವಾಟರ್ ಹತ್ತಿರ ಹಿಡಿಯುತ್ತಾ ಅನ್ನೋದರ ಮೇಲೆ ನಿಮ್ಮ ಗಂಟೆ ಬದಲಾಗುತ್ತೆ. ಆದ್ದರಿಂದ ಐದು ಟೈಮ್ ಬರ್ಕೊಳ್ಳಿ: ಹಡಗಿನ ಏಜೆಂಟ್ ಟಗ್ ಕೇಳಿದ್ದು, ಟಗ್ ಜೆಟ್ಟಿ ಬಿಟ್ಟದ್ದು, ಹಗ್ಗ ಕಟ್ಟಿದ್ದು, ಬಿಟ್ಟದ್ದು, ವಾಪಸ್ ಬಂದು ಕಟ್ಟಿದ್ದು. ಹಳೇ ಲಾಗಲ್ಲಿ ಇಲ್ಲದಿದ್ರೆ ಹಡಗುಗಳು ತಾವಿರೋ ಜಾಗ ತಾವೇ ಸಾರೋ ಎಐಎಸ್ ಸಿಗ್ನಲ್ ದಾಖಲೆ ತೆಗೆಸಿದ್ರೆ ಟಗ್ ಎಲ್ಲಿ ಎಷ್ಟೊತ್ತಿಗೆ ಇತ್ತು ಅಂತ ಗೊತ್ತಾಗುತ್ತೆ.

ಇನ್ನೊಂದು ಕಾಲಂ ಮರೀಬೇಡಿ, ಹಡಗು ಕಾದಿದ್ರೆ ಯಾಕೆ ಕಾದದ್ದು. ಟಗ್ ಇಲ್ಲದೇನಾ, ಪೈಲಟ್ (ಹಡಗನ್ನ ಬಂದರಿನ ಒಳಗೆ ಹೊರಗೆ ನಡೆಸಿಕೊಡೋ ಬಂದರಿನ ನಾವಿಕ) ಇಲ್ಲದೇನಾ, ದಕ್ಕೆಯಲ್ಲಿ ಹಗ್ಗ ಹಿಡಿಯೋ ಗ್ಯಾಂಗ್ ಇಲ್ಲದೇನಾ, ಬರ್ತ್ (ದಕ್ಕೆಯಲ್ಲಿ ಹಡಗು ನಿಲ್ಲೋ ಜಾಗ) ಖಾಲಿ ಇಲ್ಲದೇನಾ, ಗಾಳಿಯಾ. ನಾನು ಒಂದು ಕಡೆ ಈ ಕಾಲಂ ಕೂತು ತುಂಬಿಸಿದಾಗ ಗೊತ್ತಾದದ್ದು ಏನಂದ್ರೆ, ಎಲ್ಲರೂ ಟಗ್ ಶಾರ್ಟೇಜ್ ಅಂತ ಬೊಬ್ಬೆ ಹಾಕ್ತಿದ್ದ ಕಡೆ ಹೆಚ್ಚಿನ ಕಾಯುವಿಕೆ ರಾತ್ರಿ ಶಿಫ್ಟಲ್ಲಿ ಒಬ್ಬನೇ ಪೈಲಟ್ ಇದ್ದದ್ದಕ್ಕೆ. ಅಲ್ಲಿ ಹತ್ತು ಟಗ್ ತಂದಿದ್ರೂ ಹತ್ತೂ ಜೆಟ್ಟಿಯಲ್ಲಿ ಕಟ್ಟಿಕೊಂಡು ಚಾ ಕುಡೀತಾ ಕೂತಿರ್ತಿದ್ವು.

ಸರಾಸರಿ ಅನ್ನೋ ಮೋಸ

ಈಗ ಲೆಕ್ಕ. ದಿನಕ್ಕೆ ನಾಲ್ಕು ಹಡಗು ಬರ್ತವೆ ನಾಲ್ಕು ಹೋಗ್ತವೆ ಅಂತಿಟ್ಕೊಳ್ಳಿ, ಎಂಟು ಸಲ ಟಗ್ ಬೇಕು. ಕೆಲವಕ್ಕೆ ಎರಡು ಕೆಲವಕ್ಕೆ ಮೂರು, ಸರಾಸರಿ ಎರಡೂ ಕಾಲು ಅಂದ್ರೆ ಒಟ್ಟು 18 ಟಗ್ ಕೆಲಸ. ಒಂದೊಂದಕ್ಕೆ ಹೋಗಿ ಬಂದು ಒಂದೂ ಮುಕ್ಕಾಲು ಗಂಟೆ ಅಂದ್ರೆ ದಿನಕ್ಕೆ 31.5 ಟಗ್ ಗಂಟೆ. ನಾಲ್ಕು ಟಗ್ ಇದ್ರೆ ನಿಮ್ಮ ಹತ್ತಿರ 96 ಗಂಟೆ ಉಂಟು. ಅಂದ್ರೆ ಮೂರನೇ ಒಂದು ಭಾಗ ಮಾತ್ರ ಬಳಕೆ. ಇದನ್ನ ತಗೊಂಡು ಫೈನಾನ್ಸ್ ಅವರ ಹತ್ತಿರ ಹೋಗಿ ಐದನೇ ಟಗ್ ಕೇಳಿ ನೋಡಿ, ಇರೋದರಲ್ಲೇ ಒಂದು ವಾಪಸ್ ಕೊಡಿ ಅಂತಾರೆ.

ಅವರದ್ದು ತಪ್ಪಲ್ಲ, ಲೆಕ್ಕ ತಪ್ಪು. ಹಡಗುಗಳು ಗಂಟೆಗೊಂದರ ಹಾಗೆ ಸಾಲಾಗಿ ಬರಲ್ಲ. ಮಂಗಳೂರಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಕಾಂಡ್ಲಾ ಥರ ದೊಡ್ಡದಲ್ಲ, ಜಾಸ್ತಿ ಅಂದ್ರೆ ಒಂದೂವರೆ ಮೀಟರ್ ಆಸುಪಾಸು, ಆದರೂ ಆಳಕ್ಕೆ ಕೂತ ಹಡಗಿಗೆ ಆ ಒಂದು ಮೀಟರೇ ಮುಖ್ಯ, ಹಾಗಾಗಿ ಅವೆಲ್ಲ ಉಬ್ಬರದ ಹೊತ್ತಿಗೇ ಬಾಗಿಲು ತಟ್ತವೆ. ಬೆಳಿಗ್ಗೆ ಆರಕ್ಕೆ ಉಬ್ಬರ ಅಂದ್ರೆ ಒಂದು ಕಚ್ಚಾ ತೈಲದ ಟ್ಯಾಂಕರಿಗೆ ಮೂರು, ಒಂದು ಕಲ್ಲಿದ್ದಲಿನದ್ದಕ್ಕೆ ಎರಡು, ಸರಕು ಇಳಿಸಿ ಹೊರಡೋ ಇನ್ನೊಂದಕ್ಕೆ ಎರಡು, ಎರಡು ಗಂಟೆ ಒಳಗೆ ಏಳು ಟಗ್ ಬೇಕು. ಮಧ್ಯಾಹ್ನ ಮೂರಕ್ಕೆ ಸೊನ್ನೆ. ಪಂಪ್‌ವೆಲ್ ಸರ್ಕಲಿನಲ್ಲಿ ರಾತ್ರಿ ಎರಡು ಗಂಟೆಯ ಖಾಲಿ ರಸ್ತೆಯನ್ನೂ ಸೇರಿಸಿ ಸರಾಸರಿ ತೆಗೆದು, ಇಲ್ಲಿ ಟ್ರಾಫಿಕ್ ಜಾಮೇ ಇಲ್ಲ ಅಂದ ಹಾಗೆ ಆಯ್ತು ಇದು.

ಅದಕ್ಕೇ ಇಡೀ ವರ್ಷವನ್ನ ಹದಿನೈದು ಹದಿನೈದು ನಿಮಿಷದ ತುಂಡು ಮಾಡಿ, ಪ್ರತಿ ತುಂಡಲ್ಲಿ ಎಷ್ಟು ಟಗ್ ಬೇಕಾಗಿತ್ತು ಅಂತ ಎಣಿಸಿ. ಕೊಟ್ಟದ್ದಲ್ಲ, ಬೇಕಾಗಿದ್ದದ್ದು. ಆಮೇಲೆ ವರ್ಷದಲ್ಲಿ ಎಷ್ಟು ಗಂಟೆ ನಾಲ್ಕಕ್ಕಿಂತ ಜಾಸ್ತಿ ಬೇಕಿತ್ತು, ಐದಕ್ಕಿಂತ ಜಾಸ್ತಿ ಎಷ್ಟು ಅಂತ ಒಂದು ಗ್ರಾಫ್. ಈ ಒಂದು ಗ್ರಾಫ್ ಹಿಡ್ಕೊಂಡು ಹೋದ್ರೆ ಮೀಟಿಂಗಲ್ಲಿ ಯಾರೂ ಬಾಯಿ ಬಿಡಲ್ಲ.

ಸ್ವಲ್ಪ ಕ್ಯೂ ಲೆಕ್ಕವೂ ಗೊತ್ತಿರಲಿ. ಒಂದೇ ಕೌಂಟರ್ ಇರೋ ಸಾಲಿನ ಸರಳ ಸೂತ್ರದಲ್ಲಿ ಕೌಂಟರ್ ಅರ್ಧ ಹೊತ್ತು ಬಿಜಿ ಇದ್ರೆ ಕಾಯೋದು ಒಂದು ಪಾಲು ಅಂತಿಟ್ಕೊಂಡ್ರೆ, 80 ಪರ್ಸೆಂಟ್ ಬಿಜಿ ಆದಾಗ ಅದು ನಾಲ್ಕು ಪಾಲು, 90 ಆದಾಗ ಒಂಬತ್ತು ಪಾಲು. ಟಗ್ ಮೂರ್ನಾಲ್ಕು ಇರೋದ್ರಿಂದ ಇಷ್ಟು ಕಠೋರ ಅಲ್ಲ, ಆದ್ರೆ ಸ್ವಭಾವ ಇದೇ, ಮೆಲ್ಲ ಮೆಲ್ಲ ಏರಿ ಒಮ್ಮೆಲೇ ಗೋಡೆ.

ಕಾಣದ ಹಾಗೆ ಮಾಯ ಆಗೋ ಟಗ್‌ಗಳು

ಈಗ ನಾನು ನಿಜಕ್ಕೂ ಹೇಳಬೇಕು ಅಂತಿದ್ದ ವಿಷಯ. ನಿಮ್ಮ ಕಾಗದದಲ್ಲಿರೋ ನಾಲ್ಕು ಟಗ್ ಯಾವತ್ತೂ ನಾಲ್ಕು ಅಲ್ಲ.

ಒಂದನೇದು ಸಿಂಗಲ್ ಪಾಯಿಂಟ್ ಮೂರಿಂಗ್, ಚುಟುಕಾಗಿ ಎಸ್‌ಪಿಎಂ. ಮಂಗಳೂರಿನ ಹೊರಗೆ ಸಮುದ್ರದಲ್ಲಿ 2013ರಿಂದ ಒಂದು ದೊಡ್ಡ ತೇಲು ಬೋಯ್ ಉಂಟು, ಒಳಗೆ ಬರಲಿಕ್ಕೆ ಆಗದಷ್ಟು ದೊಡ್ಡ ಕಚ್ಚಾ ತೈಲದ ಟ್ಯಾಂಕರ್ ಅಲ್ಲೇ ಮೂತಿ ಕಟ್ಟಿಕೊಂಡು ಸಮುದ್ರದಡಿಯ ಪೈಪಲ್ಲಿ ತೈಲ ಕೊಡುತ್ತೆ, ರಿಫೈನರಿಗೂ ಹೌದು, ನೆಲದಡಿಯ ಗುಹೆ ಸಂಗ್ರಹಕ್ಕೂ ಹೌದು (ಮಂಗಳೂರಿನದ್ದು 15 ಲಕ್ಷ ಟನ್ ಹಿಡಿಯುತ್ತೆ, ಪಾದೂರಿನದ್ದು 25 ಲಕ್ಷ). ಇಂಥ ಬೋಯ್‌ನಲ್ಲಿ ಟ್ಯಾಂಕರ್ ಗಾಳಿ ನೀರಿಗೆ ತಿರುಗಿ ಬೋಯ್ ಮೇಲೇ ಹೋಗಿ ಕೂರಬಾರದು ಅಂತ ಅದರ ಬಾಲಕ್ಕೆ ಒಂದು ಟಗ್ ಕಟ್ಟಿ ಹಿಂದಕ್ಕೆ ಜಗ್ಗಿ ಹಿಡೀಬೇಕು. ಪಂಪಿಂಗ್ ಮುಗಿಯೋವರೆಗೂ. ಅದು ಒಂದು ದಿನವೋ ಜಾಸ್ತಿಯೋ. ಆ ಕೆಲಸಕ್ಕೆ ಬೇರೆ ಟಗ್ ಕಾಂಟ್ರಾಕ್ಟ್ ಇದ್ರೆ ಸಂತೋಷ, ಬಂದರಿನ ಟಗ್ಗನ್ನೇ ಕಳಿಸೋ ಪದ್ಧತಿ ಇದ್ರೆ ಅಷ್ಟು ದಿನ ಅದು ನಿಮ್ಮ ಲೆಕ್ಕದಲ್ಲಿ ಇಲ್ಲ.

ಎರಡನೇದು ಡ್ರೈ ಡಾಕ್, ಅಂದ್ರೆ ಟಗ್ಗನ್ನ ನೀರಿಂದ ಮೇಲೆ ತಂದು ತಳ ನೋಡಿ ರಿಪೇರಿ ಮಾಡೋದು. ಕ್ಲಾಸ್ ನಿಯಮದ ಪ್ರಕಾರ ಐದು ವರ್ಷದಲ್ಲಿ ಎರಡು ಸಲ ತಳ ತಪಾಸಣೆ, ಎರಡರ ನಡುವೆ 36 ತಿಂಗಳಿಗಿಂತ ಜಾಸ್ತಿ ಅಂತರ ಇಲ್ಲ. ನಾಲ್ಕು ಟಗ್ ಇದ್ರೆ ಐದು ವರ್ಷಕ್ಕೆ ಎಂಟು ಡಾಕಿಂಗ್, ಒಂದೊಂದಕ್ಕೆ ಹೋಗಿ ಬರೋದೂ ಸೇರಿ ಮೂರ್ನಾಲ್ಕು ವಾರ ಅಂದ್ರೂ ವರ್ಷದಲ್ಲಿ ಸುಮಾರು ಒಂದೂವರೆ ತಿಂಗಳು ಒಂದಲ್ಲ ಒಂದು ಟಗ್ ಊರಲ್ಲಿ ಇಲ್ಲ. ಮೂರನೇದು ಹಠಾತ್ ಕೆಟ್ಟದ್ದು, ಥ್ರಸ್ಟರ್ (ಟಗ್ಗನ್ನ ದೂಡೋ ತಿರುಗೋ ಪ್ರೊಪೆಲ್ಲರ್) ಸೀಲಲ್ಲಿ ಎಣ್ಣೆ ಸೋರಿದ್ದು, ವಿಂಚ್ (ಹಗ್ಗ ಸುತ್ತೋ ಯಂತ್ರ) ಹೈಡ್ರಾಲಿಕ್ ಹೋದದ್ದು, ಪ್ರೊಪೆಲ್ಲರಿಗೆ ಮೀನುಬಲೆ ಸುತ್ತಿದ್ದು. ಕೊನೇದು ನಮ್ಮ ಕರಾವಳಿಯ ಸ್ಪೆಷಲ್.

ಈಗ ಮೇಲಿನ ಅದೇ ದಿನ ತಗೊಳ್ಳಿ, ಒಂದು ಎಸ್‌ಪಿಎಂನಲ್ಲಿ, ಒಂದು ಡಾಕಲ್ಲಿ. ಕೈಯಲ್ಲಿ ಎರಡು, 48 ಗಂಟೆ, ಬಳಕೆ ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗಕ್ಕೆ ಹಾರಿತು. ಅದಕ್ಕಿಂತ ಕೆಟ್ಟದ್ದು, ಮೂರು ಟಗ್ ಬೇಕಾದ ಹಡಗು ಇದ್ರೆ ಅದು ಕಾಯೋದಲ್ಲ, ಬರಲಿಕ್ಕೇ ಆಗಲ್ಲ. ನಾನು ಒಂದು ಬಂದರಲ್ಲಿ ಕಣ್ಣಾರೆ ನೋಡಿದ್ದು, ಒಂದು ಡಾಕಿಗೆ ಹೋಗಿತ್ತು, ಒಂದು ಹೊರಗೆ ಟ್ಯಾಂಕರ್ ಹಿಡ್ಕೊಂಡಿತ್ತು, ರಾತ್ರಿ ಹತ್ತಕ್ಕೆ ಮೂರನೇದರ ವಿಂಚ್ ಕೈಕೊಟ್ಟಿತು, ಗ್ಯಾಸ್ ಹಡಗು ಬೆಳಗಾಗೋವರೆಗೆ ಹೊರಗೆ ದೀಪ ಹಾಕ್ಕೊಂಡು ನಿಂತಿತ್ತು, ಏಜೆಂಟ್ ಫೋನು ಮಾಡಿ ಮಾಡಿ ಕೊನೆಗೆ ಬೈಯೋದನ್ನೂ ಬಿಟ್ಟ. ಕಾಗದದಲ್ಲಿ ಆ ಬಂದರಿಗೆ ಟಗ್ ಧಾರಾಳ ಇತ್ತು.

ಹಾಗಾಗಿ ಗುರಿ ಹೀಗೆ ಬರೀರಿ: "ಅತಿ ದೊಡ್ಡ ಹಡಗಿಗೆ ಬೇಕಾದಷ್ಟು ಟಗ್, ಜೊತೆಗೆ ಹೊರಗಿನ ಡ್ಯೂಟಿಗೆ ಹೋಗೋದು, ಜೊತೆಗೆ ಒಂದು ರಿಪೇರಿಯಲ್ಲಿರೋದು". ಮೇಲಿನ ಉದಾಹರಣೆಗೆ ಮೂರು, ಒಂದು, ಒಂದು, ಒಟ್ಟು ಐದು. ಗಂಟೆಯ ಗ್ರಾಫ್ ಇದಕ್ಕಿಂತ ಜಾಸ್ತಿ ಕೇಳ್ತಾ ಇದ್ರೆ ಮಾತ್ರ ಆರನೇದು.

ಡಾಕಿಂಗ್ ಯಾವಾಗ ಅನ್ನೋದಕ್ಕೂ ಒಂದು ಮಾತು. ಮಳೆಗಾಲದಲ್ಲಿ ಮೀನುಗಾರಿಕೆ ಬೋಟೆಲ್ಲ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿ, ಸಮುದ್ರ ಖಾಲಿ ಅಂತ ಅನಿಸುತ್ತೆ, ಟಗ್ಗನ್ನೂ ಆಗಲೇ ರಿಪೇರಿಗೆ ಕಳ್ಸೋಣ ಅಂತ ತಲೆಗೆ ಬರುತ್ತೆ. ಬೇಡ. ಟಗ್ಗಿಗೆ ಮಳೆಗಾಲವೇ ಪರೀಕ್ಷೆ, ಅಲೆ ಎದ್ದಾಗ ಎರಡು ಸಾಕಾಗೋ ಕಡೆ ಮೂರು ಬೇಕಾಗುತ್ತೆ. ಪತ್ತನಾಜೆಗೆ (ಮೇ ಕೊನೆಯಲ್ಲಿ) ಯಕ್ಷಗಾನ ಮೇಳ ಗೆಜ್ಜೆ ಬಿಚ್ಚೋ ಹೊತ್ತಿಗೆ ನಿಮ್ಮ ಟಗ್ಗೆಲ್ಲ ಡಾಕ್ ಮುಗಿಸಿ ನೀರಲ್ಲಿರಬೇಕು, ನನ್ನ ಲೆಕ್ಕ ಇಷ್ಟೇ.

ಎಷ್ಟು ಶಕ್ತಿಯದ್ದು ಬೇಕು

ಟಗ್ಗಿನ ಶಕ್ತಿ ಅಳೆಯೋದು ಬೊಲಾರ್ಡ್ ಪುಲ್ ಅಂತ, ದಡದ ಗಟ್ಟಿ ಗೂಟಕ್ಕೆ ಹಗ್ಗ ಕಟ್ಟಿ ಪೂರ್ತಿ ಇಂಜಿನ್ ಕೊಟ್ಟಾಗ ಎಷ್ಟು ಟನ್ ಎಳೆಯುತ್ತೆ ಅಂತ. ಎಷ್ಟು ಬೇಕು ಅನ್ನೋದಕ್ಕೆ ಪೈಲಟ್‌ಗಳು ಬಳಸೋ ಒಂದು ಕೈಲೆಕ್ಕ ಉಂಟು: ಗಾಳಿಯ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಅಂತ ನೋಡಿ, ಅದನ್ನ ಅದರಿಂದಲೇ ಗುಣಿಸಿ, ಗಾಳಿಗೆ ಎದುರಾದ ಹಡಗಿನ ಪಕ್ಕದ ಚದರ ಮೀಟರಿಂದ ಗುಣಿಸಿ, 18,000ದಿಂದ ಭಾಗಿಸಿ. ಬಂದದ್ದು ಗಾಳಿ ಎಷ್ಟು ಟನ್ ದೂಡುತ್ತೆ ಅಂತ.

200 ಮೀಟರ್ ಉದ್ದದ ಖಾಲಿ ಕಲ್ಲಿದ್ದಲು ಹಡಗು, ನೀರಿನ ಮೇಲೆ 15 ಮೀಟರ್ ಕಾಣುತ್ತೆ ಅಂದ್ರೆ 3,000 ಚದರ ಮೀಟರ್. ಸೆಕೆಂಡಿಗೆ 10 ಮೀಟರ್ ಗಾಳಿ, ಅಂದ್ರೆ ಹೆಚ್ಚುಕಮ್ಮಿ 20 ನಾಟ್, ಆಗ 17 ಟನ್ ಹತ್ತಿರ. ಗಾಳಿ 15 ಮೀಟರ್ ಆದ್ರೆ 37.5 ಟನ್. ಈಗ 300 ಮೀಟರಿನ ಕಂಟೇನರ್ ಹಡಗು, 25 ಮೀಟರ್ ಎತ್ತರ, 7,500 ಚದರ ಮೀಟರ್. ಅದೇ ಎರಡು ಗಾಳಿಗೆ 42 ಮತ್ತು 94 ಟನ್. ಗಾಳಿ ಒಂದೂವರೆ ಪಟ್ಟು ಆದ್ರೆ ಬಲ ಎರಡೂ ಕಾಲು ಪಟ್ಟು, ಇದನ್ನ ಮರೆತೇ ಜನ ಟಗ್ ಕೊಳ್ಳೋದು. ಅದರ ಮೇಲೆ ನಾಲ್ಕನೇ ಒಂದು ಭಾಗ ಮಾರ್ಜಿನ್ ಇಟ್ರೆ ಆ ಕಂಟೇನರ್ ಹಡಗಿಗೆ 117 ಟನ್ ಬೇಕು, ಅಂದ್ರೆ 60 ಟನ್ನಿನ ಎರಡು ಟಗ್ ಅಷ್ಟಕ್ಕಷ್ಟೇ, 50ರದ್ದು ಮೂರು. ನೀರಿನ ಸೆಳೆತ, ಅಲೆ ಇನ್ನೂ ಸೇರಿಸಿಲ್ಲ.

ಸರ್ಟಿಫಿಕೇಟಿನ ಟನ್ ಶಾಂತ ನೀರಿನದ್ದು, ಅದೂ ಟಗ್ ಹೊಸದಿದ್ದಾಗಿನದ್ದು. ಹಡಗು ಚಲಿಸ್ತಾ ಇದ್ರೆ, ಟಗ್ ಅಲೆ ಮೇಲೆ ಕುಣೀತಾ ಇದ್ರೆ, ಕೈಗೆ ಸಿಗೋದು ಅದರ ಅರ್ಧಕ್ಕೂ ಇಳಿಯಬಹುದು. ಹಾಗಂತ ಸುಮ್ಮನೆ 80 ಟನ್ನಿಂದು ತಂದು ಹಾಕಿದ್ರೂ ಆಗಲ್ಲ. ಹಳೇ ಹಡಗುಗಳ ಡೆಕ್ ಮೇಲಿನ ಬೊಲಾರ್ಡ್ ಅಷ್ಟು ಎಳೆತ ತಡೆಯಲ್ಲ, ಕಿತ್ತು ಬಂದೀತು, ಮತ್ತೆ ಹಡಗಿನ ಮೈಗೆ ಎಲ್ಲೆಂದರಲ್ಲಿ ಮೂತಿ ಇಟ್ಟು ಒತ್ತಲಿಕ್ಕೂ ಆಗಲ್ಲ, ಒಳಗೆ ಗಟ್ಟಿ ಇರೋ ಕಡೆ ಟಗ್ ಅಂತ ಗುರುತು ಬರೆದಿರ್ತಾರೆ ಅಲ್ಲೇ ಒತ್ತಬೇಕು. ಚಿಕ್ಕ ಬೇಸಿನ್‌ನಲ್ಲಿ ಹಡಗು ಮತ್ತು ದಕ್ಕೆಯ ನಡುವೆ ಟಗ್ ತಿರುಗಲಿಕ್ಕೂ ಜಾಗ ಬೇಕು. ಎಲ್ಲ ಟಗ್ ಒಂದೇ ಗಾತ್ರ ಬೇಡ, ಬೇರೆ ಬೇರೆ ಇರಲಿ, ಆದ್ರೆ ಇಂಜಿನ್ ಥ್ರಸ್ಟರ್ ಕಂಪನಿ ಆದಷ್ಟು ಒಂದೇ ಇರಲಿ, ಸ್ಪೇರ್ ಪಾರ್ಟ್ ತಲೆಬಿಸಿ ಅರ್ಧ ಕಮ್ಮಿ.

ಟಗ್ಗಿನ ಜಾತಿಯ ವಿಷಯ ಚುಟುಕಾಗಿ. ಹಳೇ ಮಾದರಿಯ ಟಗ್ಗಿಗೆ ಮಾಮೂಲಿ ಪ್ರೊಪೆಲ್ಲರ್, ಚುಕ್ಕಾಣಿ, ಹಗ್ಗ ನಡು ಬೆನ್ನಿಂದ ಹೋಗುತ್ತೆ. ಹಡಗು ಇದ್ದಕ್ಕಿದ್ದ ಹಾಗೆ ಮುಂದೆ ನುಗ್ಗಿದ್ರೆ ಹಗ್ಗ ಪಕ್ಕಕ್ಕೆ ಬಂದು ಟಗ್ಗನ್ನ ಅಡ್ಡಡ್ಡ ಎಳೆದು ಮಗುಚಿ ಹಾಕುತ್ತೆ, ಕೆಲವೇ ಸೆಕೆಂಡಲ್ಲಿ, ಇಂಗ್ಲಿಷಿನವರು ಇದಕ್ಕೆ ಗರ್ಟಿಂಗ್ ಅಂತಾರೆ, ಇದರಲ್ಲಿ ಜೀವ ಹೋದವರು ಲೋಕದ ಎಷ್ಟೋ ಬಂದರುಗಳಲ್ಲಿ ಇದ್ದಾರೆ. ಈಗಿನ ಎಎಸ್‌ಡಿ ಟಗ್ಗಿಗೆ ಹಿಂಭಾಗದ ಅಡಿಯಲ್ಲಿ ಪೂರ್ತಿ ಸುತ್ತು ತಿರುಗೋ ಎರಡು ಥ್ರಸ್ಟರ್, ಮೂತಿಯ ವಿಂಚಿಂದ ಹಗ್ಗ ಕೊಟ್ಟು ಮುಂದೆ ಹಿಂದೆ ಪಕ್ಕಕ್ಕೆ ಎತ್ತ ಬೇಕಾದ್ರೂ ಹೋಗುತ್ತೆ. ಹೊಸದು ತಗೊಳ್ಳೋದಾದ್ರೆ ಇದೇ, ಚರ್ಚೆ ಬೇಡ. ಇರೋ ಫ್ಲೀಟಲ್ಲಿ ಹಳೇ ಮಾದರಿ ಒಂದೆರಡು ಇದ್ರೆ ಅವನ್ನ ಬದಲಾಯಿಸಿದ್ರೇನೇ ಎಷ್ಟೋ ಕಡೆ ಸಂಖ್ಯೆ ಏರಿಸೋದು ಬೇಕಾಗಲ್ಲ.

ಚಾನೆಲಲ್ಲಿ ಜೊತೆಗೇ ಹೋಗೋ ಎಸ್ಕಾರ್ಟ್ ಟಗ್ ಬೇಕಾ ಅನ್ನೋದು ಇನ್ನೊಂದು ಪ್ರಶ್ನೆ. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರಲ್ಲಿ ಡಾಲಿ ಅನ್ನೋ ಕಂಟೇನರ್ ಹಡಗು ಕರೆಂಟ್ ಹೋಗಿ ಸೇತುವೆ ಕಂಬಕ್ಕೆ ಗುದ್ದಿದಾಗ, ದಕ್ಕೆಯಿಂದ ಬಿಡಿಸಿದ ಎರಡು ಟಗ್ ಆಗಲೇ ಹಗ್ಗ ಬಿಟ್ಟು ವಾಪಸ್ ಹೋಗಿದ್ವು. ನಮ್ಮಲ್ಲಿ ಸೇತುವೆ ಇಲ್ಲ, ಆದ್ರೆ ಬ್ರೇಕ್‌ವಾಟರ್ ಬಾಯಿ ಉಂಟು. ಎಲ್‌ಪಿಜಿ, ದೊಡ್ಡ ಟ್ಯಾಂಕರಿಗೆ ಆ ಬಾಯಿ ದಾಟೋವರೆಗೆ ಬಾಲಕ್ಕೆ ಟಗ್ ಕಟ್ಟಿಕೊಂಡೇ ಇರೋದು ಅಂತ ನಿಯಮ ಮಾಡಿದ್ರೆ ಒಂದೊಂದು ಕೆಲಸದ ಗಂಟೆ ಜಾಸ್ತಿ ಆಗುತ್ತೆ, ಅದನ್ನ ಮೇಲಿನ ಲೆಕ್ಕಕ್ಕೆ ಸೇರಿಸಿ.

ಮತ್ತೆ ಬಂದರಿನ ಟಗ್ಗನ್ನ ತೂಫಾನಿನ ನಡುವೆ ಹೊರಸಮುದ್ರಕ್ಕೆ ಕಳ್ಸೋ ಯೋಚನೆ ಇಟ್ಕೊಂಡು ಪ್ಲಾನ್ ಮಾಡಬೇಡಿ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಈ ಕರಾವಳಿಯಲ್ಲೇ ಒಂದು ಟಗ್ ಮಗುಚಿ ಜೀವ ಹೋಯ್ತು, ಇನ್ನೊಂದು ಕಾಪು ಹತ್ತಿರ ಬಂಡೆಗೆ ಸಿಕ್ಕಿ ಅದರ ಒಂಬತ್ತು ಜನರನ್ನ ಕೋಸ್ಟ್ ಗಾರ್ಡ್, ನೌಕಾಪಡೆಯವರು ಸೇರಿ ಪಾರು ಮಾಡಿದ್ರು. ಆಳ ಸಮುದ್ರದ ರಕ್ಷಣೆಗೆ ಬೇರೆಯದೇ ಹಡಗು ಬೇಕು, ಅದು ಬೇರೆಯದೇ ಬಜೆಟ್.

ಕೊಳ್ಳೋದಾ ಬಾಡಿಗೆಯಾ

ಇದರ ಮುಂಚೆ ಒಂದು ಹೆಜ್ಜೆ, ಕೊಳ್ಳದೇ ಎಷ್ಟು ಸುಧಾರಿಸಬಹುದು ನೋಡಿ. ಎರಡು ಹಡಗಿನ ಟೈಮ್ ನಲವತ್ತು ನಿಮಿಷ ಆಚೀಚೆ ಮಾಡಿದ್ರೆ ಏಳು ಟಗ್ಗಿನ ಪೀಕ್ ಐದಕ್ಕೆ ಇಳಿಯುತ್ತಾ? ಟಗ್ ನಿಲ್ಲೋ ಜಾಗ ಬಾಯಿಗೆ ಹತ್ತಿರ ಮಾಡಿದ್ರೆ ಒಂದೊಂದು ಕೆಲಸದಲ್ಲಿ ಹತ್ತು ನಿಮಿಷ ಉಳಿಯುತ್ತಾ? ಮಳೆಗಾಲದ ನಾಲ್ಕು ತಿಂಗಳಿಗೆ ಮಾತ್ರ ಒಂದು ಬಾಡಿಗೆಗೆ ಸಿಗುತ್ತಾ? ಇದನ್ನೆಲ್ಲ ಮಾಡಿ ಉಳಿದ ಕೊರತೆಗೆ ಮಾತ್ರ ದುಡ್ಡು.

ನಮ್ಮ ದೇಶದ ದೊಡ್ಡ ಬಂದರುಗಳಲ್ಲಿ ಟಗ್ಗನ್ನ ಜನಸಮೇತ ಹಲವು ವರ್ಷದ ಬಾಡಿಗೆಗೆ ತಗೊಳ್ಳೋ ಪದ್ಧತಿ ಚೆನ್ನಾಗಿ ಬೇರೂರಿದೆ. ನನ್ನ ಅಭಿಪ್ರಾಯದಲ್ಲಿ ವರ್ಷವಿಡೀ ಬೇಕಾಗೋದಕ್ಕೆ ದೀರ್ಘ ಬಾಡಿಗೆ, ಪೀಕಿಗೆ ಸಣ್ಣ ಬಾಡಿಗೆ, ಸ್ವಂತದ್ದು ಒಂದೆರಡು ಇದ್ರೆ ಸಾಕು. ಸ್ವಂತದ್ದೆಲ್ಲ ಆದ್ರೆ ಒಂದು ಸೀಲ್ ತರಿಸಲಿಕ್ಕೂ ಟೆಂಡರ್ ಕರೆದು ಮೂರು ತಿಂಗಳು ಕೂರೋ ಗತಿ.

ಬಾಡಿಗೆಯಾದ್ರೆ ಕಾಂಟ್ರಾಕ್ಟ್ ಬರೆಯೋದರಲ್ಲೇ ಎಲ್ಲ ಇರೋದು. "ಕನಿಷ್ಠ 50 ಟನ್" ಅಂತ ಒಂದೇ ಸಾಲು ಬರೆದ್ರೆ ಹದಿನೈದು ವರ್ಷ ಹಳೇದನ್ನ ಹಳೇ ಸರ್ಟಿಫಿಕೇಟ್ ಜೊತೆ ತಂದು ನಿಲ್ಲಿಸ್ತಾರೆ. ಮುಂದಕ್ಕೂ ಹಿಂದಕ್ಕೂ ಎಷ್ಟು ಟನ್, ವಯಸ್ಸಿನ ಮಿತಿ, ವರ್ಷಕ್ಕೊಮ್ಮೆ ನಮ್ಮ ಜೆಟ್ಟಿಯಲ್ಲೇ ಎಳೆತ ಪರೀಕ್ಷೆ, ಕೆಟ್ಟಾಗ ಎಷ್ಟು ಗಂಟೆಯೊಳಗೆ ಅಷ್ಟೇ ಶಕ್ತಿಯ ಬದಲಿ ಟಗ್, ಡಾಕಿಂಗ್ ಮಳೆಗಾಲದಲ್ಲಿ ಇಲ್ಲ, ಡೀಸೆಲ್ ಯಾರದ್ದು, ಗಂಟೆಗೆ ಎಷ್ಟು ಲೀಟರ್ ಮಿತಿ, ಇಷ್ಟನ್ನ ಬಿಡಿಸಿ ಬರೀರಿ. "ತಿಂಗಳಿಗೆ 95 ಪರ್ಸೆಂಟ್ ಲಭ್ಯ" ಅಂತ ಬರೆದು ಸುಮ್ಮನಾಗಬೇಡಿ, ಆ ಐದು ಪರ್ಸೆಂಟ್ ಅಂದ್ರೆ 36 ಗಂಟೆ, ಅದು ಒಂದೇ ಸಲ ಉಬ್ಬರದ ದಿನ ಬಂದ್ರೆ ನಿಮ್ಮ ಕಥೆ ಮುಗೀತು.

ಹೊಸದು ಕಟ್ಟಿಸೋದಾದ್ರೆ ದೂರ ಹೋಗಬೇಕಾಗಿಲ್ಲ. ಮಲ್ಪೆಯಲ್ಲಿ ಮುಂಚೆ ಟೆಬ್ಮಾ ಅಂತ ಇದ್ದ ಯಾರ್ಡನ್ನ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ತಗೊಂಡು ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಅಂತ ನಡೀತಾ ಉಂಟು, ಅಲ್ಲಿ ಓಷನ್ ಸ್ಪಾರ್ಕಲ್ ಕಂಪನಿಗೆ ಕಟ್ಟಿದ 60 ಟನ್ ದರ್ಜೆಯ ಟಗ್ 33 ಮೀಟರ್ ಉದ್ದ, 12 ಮೀಟರ್ ಚಿಲ್ಲರೆ ಅಗಲ, ನೀರಲ್ಲಿ ನಾಲ್ಕು ಮೀಟರ್ ಚಿಲ್ಲರೆ ಇಳಿಯುತ್ತೆ. ಈ ಅಳತೆ ಯಾಕೆ ಹೇಳ್ದೆ ಅಂದ್ರೆ, ಎರಡು ಹೊಸ ಟಗ್ ಬಂದ್ರೆ ಕಟ್ಟಲಿಕ್ಕೆ ಎಪ್ಪತ್ತು ಮೀಟರ್ ಜೆಟ್ಟಿ, ಅಡಿಯಲ್ಲಿ ಹೂಳು ತೆಗೆದು ಐದು ಮೀಟರ್ ಆಳ, ನೀರು, ಡೀಸೆಲ್ ಪೈಪ್, ದಡದ ಕರೆಂಟ್ ಬೇಕು. ಟಗ್ ಬಂದ ದಿನ ಅದನ್ನ ಎಲ್ಲಿ ಕಟ್ಟೋದು ಅಂತ ಹುಡುಕಿದವರನ್ನೂ ನೋಡಿದ್ದೇನೆ.

ಬ್ಯಾಟರಿ ಟಗ್ ಈಗಲೇ ಬೇಕಾ

ಕೇಂದ್ರದವರು 2024ರ ಆಗಸ್ಟಲ್ಲಿ ಗ್ರೀನ್ ಟಗ್ ಕಾರ್ಯಕ್ರಮ ಶುರು ಮಾಡಿದ್ದಾರೆ, ಮೊದಲ ಹಂತ 2024ರ ಅಕ್ಟೋಬರ್ 1ರಿಂದ 2027ರ ಡಿಸೆಂಬರ್ 31, ಅದರಲ್ಲಿ ಜವಾಹರಲಾಲ್ ನೆಹರು, ದೀನದಯಾಳ್, ಪಾರದೀಪ್, ತೂತುಕುಡಿ ನಾಲ್ಕೂ ಬಂದರು ಕನಿಷ್ಠ ಎರಡೆರಡು ತಗೋಬೇಕು. ಮಂಗಳೂರು ಆ ಮೊದಲ ನಾಲ್ಕರಲ್ಲಿ ಇಲ್ಲ, ಆದ್ರೆ ಇವತ್ತು ಕಟ್ಟಿಸೋ ಟಗ್ ಇಪ್ಪತ್ತು ವರ್ಷದ ಮೇಲೆ ಓಡೋದು, ಹಾಗಾಗಿ ಯೋಚಿಸಲೇಬೇಕು. ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನಲ್ಲಿ 2022ರಿಂದ ಸ್ಪಾರ್ಕಿ ಅನ್ನೋ 70 ಟನ್ನಿನ ಪೂರ್ತಿ ಬ್ಯಾಟರಿ ಟಗ್ ಉಂಟು, ಒಂದು ಚಾರ್ಜಿಗೆ ಮೂರ್ನಾಲ್ಕು ಹಡಗು ಮಾಡಿ ಎರಡು ಗಂಟೆ ಚಾರ್ಜಿಗೆ ಕೂರುತ್ತೆ ಅನ್ನೋ ಲೆಕ್ಕದ್ದು.

ಇಲ್ಲಿ ಮತ್ತೆ ಅದೇ ಹದಿನೈದು ನಿಮಿಷದ ಶೀಟ್ ಕೆಲಸಕ್ಕೆ ಬರುತ್ತೆ. ಬೇಸಿನ್ ಒಳಗಿನ ಗಿಡ್ಡ ಗಿಡ್ಡ ಕೆಲಸ, ನಡುವೆ ಬಿಡುವು, ಇಂಥ ಟಗ್ಗಿಗೆ ಬ್ಯಾಟರಿ ಚೆನ್ನಾಗಿ ಹೊಂದುತ್ತೆ. ಎಸ್‌ಪಿಎಂನಲ್ಲಿ ದಿನವಿಡೀ ಟ್ಯಾಂಕರ್ ಬಾಲ ಹಿಡಿದು ನಿಲ್ಲೋದಕ್ಕೆ ಹೊಂದಲ್ಲ, ಅದಕ್ಕೆ ಡೀಸೆಲ್ಲೋ ಹೈಬ್ರಿಡ್ಡೋ ಇರಲಿ. ಉಬ್ಬರದ ಹೊತ್ತಲ್ಲಿ ಒಂದರ ಹಿಂದೊಂದು ಐದು ಕೆಲಸ ಬೀಳೋ ಬಂದರಲ್ಲಿ ಚಾರ್ಜಿಗೆ ಕೂತ ಟಗ್ಗನ್ನೂ ಡಾಕಲ್ಲಿರೋ ಟಗ್ ಥರವೇ ಇಲ್ಲ ಅಂತ ಎಣಿಸಿ. ದಡದ ಕರೆಂಟ್ ಲೈನಿಗೆ ಮೆಸ್ಕಾಂ ಹತ್ತಿರ ಮಾತಾಡೋದು ಟಗ್ ಆರ್ಡರ್ ಕೊಡೋ ಮುಂಚೆ, ಬಂದ್ಮೇಲೆ ಅಲ್ಲ.

ಜನ

ಇದನ್ನ ಕೊನೆಗೆ ಇಟ್ಟದ್ದು ಎಲ್ಲರೂ ಕೊನೆಗೇ ನೆನಪು ಮಾಡ್ಕೊಳ್ಳೋದಕ್ಕೆ, ನೀವು ಹಾಗೆ ಮಾಡಬೇಡಿ. ಒಂದು ಟಗ್ಗಲ್ಲಿ ಮಾಸ್ಟರ್, ಇಂಜಿನಿಯರ್, ಸಾರಂಗ (ಖಲಾಸಿಗಳ ಮೇಸ್ತ್ರಿ), ಖಲಾಸಿ ಅಂತ ಎಂಟು ಜನ ಅಂತಿಟ್ಕೊಂಡ್ರೆ, ಹನ್ನೆರಡು ಗಂಟೆ ಶಿಫ್ಟಿಗೆ ಎರಡು ಸೆಟ್, ರಜೆಗೆ ಹೋದವರ ಬದಲಿಗೆ ಒಂದು ಸೆಟ್, ಒಂದು ಟಗ್ಗಿಗೆ 24 ಜನ. ಅಂತರರಾಷ್ಟ್ರೀಯ ನಾವಿಕರ ನಿಯಮ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಅಂತ ಹೇಳುತ್ತೆ, ಬಂದರಿನ ಟಗ್ಗಿಗೆ ಅದು ಕಾಗದದಲ್ಲಿ ಅನ್ವಯ ಆಗುತ್ತೋ ಇಲ್ಲವೋ ಅಂತ ವಕೀಲರ ಹತ್ತಿರ ಕೇಳಲಿಕ್ಕೆ ಹೋಗಬೇಡಿ, ಅದನ್ನೇ ಅಳತೆ ಮಾಡ್ಕೊಳ್ಳಿ. ಟಗ್ ಖಾಲಿ ಇದ್ದರೂ ಜನಕ್ಕೆ ನಿದ್ದೆ ಬಾಕಿ ಇದ್ರೆ ಆ ಟಗ್ಗೂ ಇಲ್ಲ ಅಂತಲೇ ಲೆಕ್ಕ.

ಹಳೇ ಟಗ್ಗಲ್ಲಿ ಇಪ್ಪತ್ತು ವರ್ಷ ದುಡಿದ ಮಾಸ್ಟರ್ ಎಎಸ್‌ಡಿ ಮೇಲೆ ಬಂದು ನಿಂತ್ರೆ ಎರಡು ಕೈಗೆ ಎರಡು ಹಿಡಿಕೆ, ಚಕ್ರ ಇಲ್ಲ, ಮೊದಲ ವಾರ ಅವರೇ ನಗ್ತಾರೆ. ಸಿಮ್ಯುಲೇಟರಲ್ಲಿ ಕೂರಿಸಿ, ಆಮೇಲೆ ಅನುಭವಿ ಮಾಸ್ಟರ್ ಪಕ್ಕ ಕೆಲವು ತಿಂಗಳು ನಿಲ್ಲಿಸಿ, ಆಮೇಲೆ ಒಬ್ಬರನ್ನೇ ಬಿಡಿ. ಕಟ್ಟೋದಕ್ಕೆ ಒಂದೂವರೆ ಎರಡು ವರ್ಷ ಹಿಡಿಯುತ್ತೆ ಅಂದ್ರೆ ಜನರ ತರಬೇತಿ ಆ ಅವಧಿಯ ಒಳಗೇ ಮುಗಿಯೋ ಹಾಗೆ ತಾರೀಕು ಹಾಕಿ. ಪೈಲಟ್‌ಗಳನ್ನೂ ಅದೇ ಸಿಮ್ಯುಲೇಟರಿಗೆ ಕರೀರಿ, ನಿಮ್ಮ ಅತಿ ದೊಡ್ಡ ಹಡಗು, ಅತಿ ಕೆಟ್ಟ ಗಾಳಿ, ಒಂದು ಟಗ್ ನಡುವಲ್ಲಿ ಕೈಕೊಟ್ಟದ್ದು, ಮೂರನ್ನೂ ಹಾಕಿ ಆಡಿಸಿ ನೋಡಿ. ಅಲ್ಲಿ ಪೈಲಟ್ "ಇದು ಬೇಡ" ಅಂದ್ರೆ ಅದನ್ನ ಬರ್ಕೊಳ್ಳಿ, ಖರೀದಿಯ ಕಾಗದಕ್ಕಿಂತ ಆ ಮಾತಿಗೆ ತೂಕ ಜಾಸ್ತಿ.

ಎರಡು ಬೇಕು ಅಂತ ಲೆಕ್ಕ ಹೇಳಿದ್ರೂ ಎರಡಕ್ಕೂ ಒಟ್ಟಿಗೆ ಆರ್ಡರ್ ಕೊಡಬೇಡಿ. ಒಂದಕ್ಕೆ ಕೊಡಿ, ಎರಡನೇದನ್ನ ಅದೇ ದರದಲ್ಲಿ ಇಂಥ ತಾರೀಕಿನೊಳಗೆ ತಗೋಬಹುದು ಅನ್ನೋ ಷರತ್ತು ಕಾಂಟ್ರಾಕ್ಟಲ್ಲಿ ಇಟ್ಕೊಳ್ಳಿ. ಮೊದಲನೇದು ಬಂದು ಒಂದು ಜೂನ್‌ನಿಂದ ಸೆಪ್ಟೆಂಬರ್ ದಾಟಲಿ, ಅಕ್ಟೋಬರಲ್ಲಿ ಅದೇ ಶೀಟ್ ಮತ್ತೆ ತೆಗೀರಿ, ಹಡಗು ಕಾದ ಕಾಲಂ ನೋಡಿ, ಅಲ್ಲಿ ಇನ್ನೂ ಟಗ್ ಅಂತಲೇ ಬರೆದಿದ್ರೆ ಎರಡನೇದಕ್ಕೆ ಸಹಿ ಹಾಕಿ.